ದಾಖಲೆಗಳ ಸ್ಕ್ಯಾನಿಂಗ್: ಬಣ್ಣ ತೆಗೆಯುವ ಸೌಲಭ್ಯದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಸಾರ್ವಜನಿಕರು ನಾಡಕಚೇರಿ, ಗ್ರಾಮ ಒನ್ ಕೇಂದ್ರ ಅಥವಾ ಸೇವಾ ಸಿಂಧು ಪೋರ್ಟಲ್ ಮುಖಾಂತರ ಅರ್ಜಿ ಸಲ್ಲಿಸುವಾಗ ಪೂರಕ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಲಗತ್ತಿಸಬೇಕಾಗುತ್ತದೆ. ಸ್ಕ್ಯಾನರಿನ ಬಣ್ಣ ತೆಗೆಯುವ ಸೌಲಭ್ಯವು ಚಾಲನೆಯಲ್ಲಿದ್ದಲ್ಲಿ ಮೂಲ ದಾಖಲೆಯಲ್ಲಿರುವ ಮೊಹರು, ಸಹಿ ಅಥವಾ ತಿದ್ದುಪಡಿಯು ಪ್ರತಿಯಲ್ಲಿ ಕಾಣದೇ ಹೋಗುವ ಸಂಭವವಿದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸುವುದು.

1. ಬಣ್ಣ ತೆಗೆಯುವುದು ಎಂದರೇನು?
ಇದನ್ನು ಸ್ಕ್ಯಾನರ್ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ‘ಕಲರ್ ಡ್ರಾಪ್‌ಔಟ್’ ಎಂದು ಕರೆಯಲಾಗುತ್ತದೆ. ಕೆಂಪು ಬೆಳಕಿನಲ್ಲಿ ಕೆಂಪು ಶಾಯಿಯು ಬಿಳಿಯ ಕಾಗದದಂತೆಯೇ ಬೆಳಕನ್ನು ಪ್ರತಿಫಲಿಸುತ್ತದೆ. ಆದಕಾರಣ ಕಪ್ಪು-ಬಿಳುಪು ಪ್ರತಿಯಲ್ಲಿ ಕೆಂಪು ಬರಹವು ಕಾಗದದಲ್ಲಿ ಲೀನವಾಗಿ ಮರೆಯಾಗುತ್ತದೆ. ಬಣ್ಣದ ಚೌಕಗಳನ್ನು ಮುದ್ರಿಸಿದ ನಮೂನೆಗಳಲ್ಲಿ ಚೌಕಗಳನ್ನು ಬಿಟ್ಟು ಭರ್ತಿ ಮಾಡಿದ ವಿವರವನ್ನು ಮಾತ್ರ ಯಂತ್ರವು ಓದಲೆಂದು ಈ ಸೌಲಭ್ಯವನ್ನು ರೂಪಿಸಲಾಗಿದೆ.

2. ಯಾವ ಆಯ್ಕೆಯಿಂದ ಏನು ಮರೆಯಾಗುತ್ತದೆ?
• ಕೆಂಪು: ಕೆಂಪು ಶಾಯಿಯ ತಿದ್ದುಪಡಿ ಮತ್ತು ಕೆಂಪು ಮೊಹರು ಮರೆಯಾಗುತ್ತವೆ, ನೇರಳೆ ಮೊಹರು ಮಸುಕಾಗಬಹುದು.
• ಹಸಿರು: ಪತ್ರಾಂಕಿತ ಅಧಿಕಾರಿಗಳು ಹಸಿರು ಶಾಯಿಯಲ್ಲಿ ಮಾಡಿದ ದೃಢೀಕರಣ ಸಹಿ ಮಸುಕಾಗುತ್ತದೆ.
• ನೀಲಿ: ನೀಲಿ ಪೆನ್ನಿನ ಸಹಿ ಹಾಗೂ ನೇರಳೆ ಮೊಹರು ಮಸುಕಾಗುತ್ತವೆ.

3. ಹಳೆಯ ದಾಖಲೆಗಳ ವಿಷಯದಲ್ಲಿ ವಿಶೇಷ ಗಮನ
ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಗಜೇಂದ್ರಗಡವು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ರೋಣ ತಾಲ್ಲೂಕಿನಲ್ಲಿತ್ತು. ಹೀಗಾಗಿ ಹಳೆಯ ಉತಾರ, ಹಕ್ಕು ಬದಲಾವಣೆ ನಕಲು ಮುಂತಾದವುಗಳಲ್ಲಿ ಅಂದಿನ ತಾಲ್ಲೂಕು ಮತ್ತು ಜಿಲ್ಲೆಯ ಹೆಸರುಗಳಿರುತ್ತವೆ. ಅಂತಹ ನಕಲನ್ನು ಯಾವ ಕಚೇರಿಯು ನೀಡಿತೆಂಬುದನ್ನು ಅದರ ಮೇಲಿನ ಮೊಹರಿನಿಂದ ತಿಳಿಯಬೇಕಾಗುತ್ತದೆ. ಮೊಹರು ಕಾಣದಿದ್ದಲ್ಲಿ ದಾಖಲೆಯು ನೈಜವಾಗಿದ್ದಾಗ್ಯೂ ಪ್ರತಿಯಿಂದ ಅದನ್ನು ಖಚಿತಪಡಿಸಿಕೊಳ್ಳುವುದು ಕಷ್ಟವಾಗಿ, ಅರ್ಜಿಯ ವಿಲೇವಾರಿ ವಿಳಂಬವಾಗಬಹುದು ಅಥವಾ ಅರ್ಜಿ ತಿರಸ್ಕೃತವಾಗಬಹುದು.

ಹಳದಿಗಟ್ಟಿದ ಕಾಗದವನ್ನು ಬಿಳುಪಾಗಿ ತೋರಿಸಲು ಕೆಂಪು ಆಯ್ಕೆಯು ಸಹಾಯಕವಾದರೂ, ಅದೇ ಪುಟದ ಕೆಂಪು ಶಾಯಿಯ ನಮೂದುಗಳು ಅಳಿಸಿಹೋಗುತ್ತವೆ. ಅಂತಹ ಪುಟಗಳನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಸೂಕ್ತ.

4. ಅನುಸರಿಸಬೇಕಾದ ಕ್ರಮ
(ಅ) ಸಹಿ ಅಥವಾ ಮೊಹರು ಇರುವ ಪುಟಗಳಿಗೆ ‘ಕಲರ್’ ಆಯ್ಕೆ ಮಾಡುವುದು.
(ಆ) ಕಪ್ಪು-ಬಿಳುಪು ಅನಿವಾರ್ಯವಾದಲ್ಲಿ ‘ಡ್ರಾಪ್‌ಔಟ್ ಕಲರ್’ ಎದುರು ‘ನನ್’ ಎಂದಿರುವುದನ್ನು ಖಚಿತಪಡಿಸಿಕೊಳ್ಳುವುದು. ಹಿನ್ನೆಲೆ ತೆಗೆಯುವ ಆಯ್ಕೆ ಇದ್ದಲ್ಲಿ ಅದನ್ನೂ ನಿಲ್ಲಿಸುವುದು.
(ಇ) ಹಿಂದಿನ ಕೆಲಸಕ್ಕಾಗಿ ಮಾಡಿದ ಆಯ್ಕೆಯು ಸ್ಕ್ಯಾನರಿನಲ್ಲಿ ಹಾಗೆಯೇ ಉಳಿದಿರಬಹುದಾದ್ದರಿಂದ ಪ್ರತಿ ಬಾರಿಯೂ ಪರಿಶೀಲಿಸುವುದು.
(ಈ) ಕಡತದ ಗಾತ್ರ ಹೆಚ್ಚಾದಲ್ಲಿ ಬಣ್ಣವನ್ನು ತೆಗೆಯುವ ಬದಲು ರೆಸಲ್ಯೂಷನ್ ತಗ್ಗಿಸುವುದು. ಸಾಮಾನ್ಯ ದಾಖಲೆಗೆ 200ರಿಂದ 300 ಡಿಪಿಐ ಸಾಕಾಗುತ್ತದೆ. 600 ಡಿಪಿಐನಲ್ಲಿ ಚಿತ್ರಬಿಂದುಗಳ ಸಂಖ್ಯೆ 300 ಡಿಪಿಐಗಿಂತ ನಾಲ್ಕು ಪಟ್ಟಾಗುತ್ತದೆ.
(ಉ) ಅಪ್‌ಲೋಡ್ ಮಾಡುವ ಮುನ್ನ ಮೂಲ ದಾಖಲೆಯನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡು ಮೊಹರು, ಸಹಿ, ದಿನಾಂಕ ಹಾಗೂ ತಿದ್ದುಪಡಿಗಳನ್ನು ಹೋಲಿಸಿ ನೋಡುವುದು.

5. ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವವರಿಗೆ
ನಿರ್ವಾಹಕರು ಸ್ಕ್ಯಾನ್ ಮಾಡಿದ ಪ್ರತಿಯನ್ನು ಪರದೆಯ ಮೇಲೆ ತೋರಿಸುವಂತೆ ಅರ್ಜಿದಾರರು ಕೋರಬಹುದು. ಮೊಹರು ಕಾಣದಿದ್ದಲ್ಲಿ ಅರ್ಜಿ ಸಲ್ಲಿಕೆಗೆ ಮುನ್ನವೇ ಪುನಃ ಸ್ಕ್ಯಾನ್ ಮಾಡಿಸುವುದು. ಓದು ಬರಹ ಬಾರದವರು ಕುಟುಂಬದ ಸದಸ್ಯರೊಬ್ಬರನ್ನು ಜೊತೆಗೆ ಕರೆತರುವುದು ಅನುಕೂಲಕರ.

6. ಅರ್ಜಿ ತಿರಸ್ಕೃತವಾದಲ್ಲಿ
ತಿರಸ್ಕಾರದ ಕಾರಣವನ್ನು ಓದಿ, ಸ್ಪಷ್ಟ ಪ್ರತಿಯೊಂದಿಗೆ ಹೊಸದಾಗಿ ಅರ್ಜಿ ಸಲ್ಲಿಸಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಯಾಗಿದ್ದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಇದಕ್ಕಾಗಿ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

ಸೂಚನೆ: ಸ್ಕ್ಯಾನ್ ಆದ ನಂತರವೂ ಮೂಲ ದಾಖಲೆಗಳನ್ನು ಸುರಕ್ಷಿತವಾಗಿ ಇರಿಸಿಕೊಳ್ಳುವುದು. ಕಪ್ಪು-ಬಿಳುಪು ಪ್ರತಿಯಲ್ಲಿ ಒಮ್ಮೆ ಮರೆಯಾದ ಬಣ್ಣದ ಬರಹವನ್ನು ಆ ಪ್ರತಿಯಿಂದ ಮರಳಿ ಪಡೆಯಲು ಸಾಧ್ಯವಿಲ್ಲ.