ದೂರದರ್ಶಕದ ಪೀಠದ ಕಥೆ

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಬ್ಯಾಚಿನ ಗೆಳೆಯರೆಲ್ಲ ಸೇರಿ ಶಾಲೆಗೆ 6 ಇಂಚು ಕನ್ನಡಿಯ ಒಂದು ದೂರದರ್ಶಕವನ್ನು ಕೊಟ್ಟಿದ್ದೇವೆ. ಪೆಟ್ಟಿಗೆ ಬಿಚ್ಚಿದಾಗ ಒಂಬತ್ತನೇ ತರಗತಿಯ ಮಕ್ಕಳ ಕಣ್ಣೆಲ್ಲ ಕೊಳವೆಯ ಮೇಲಿತ್ತು. ಪಕ್ಕದಲ್ಲಿದ್ದ ಹಲಗೆ, ಬೋಲ್ಟು, ನಟ್ಟುಗಳ ಕಟ್ಟನ್ನು ಯಾರೂ ಮುಟ್ಟಲಿಲ್ಲ. ಆದರೆ ಚರಿತ್ರೆಯನ್ನು ನೋಡಿದರೆ, ಜನರಿಗೆ ಆಕಾಶವನ್ನು ಹತ್ತಿರ ಮಾಡಿದ್ದು ಆ ಹಲಗೆಗಳೇ. ಆ ಕಥೆಯನ್ನು ಈ ಸಂಚಿಕೆಯಲ್ಲಿ ಬರೆದಿಡುವುದು ಸೂಕ್ತವೆನಿಸಿತು.

ಕನ್ನಡಿಯಿಂದ ಬೆಳಕನ್ನು ಕೂಡಿಸುವ ದೂರದರ್ಶಕವನ್ನು ಮೊದಲು ಮಾಡಿ ಬಳಸಿದವರು ಐಸಾಕ್ ನ್ಯೂಟನ್, 1668ರಲ್ಲಿ. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು ಉಜ್ಜಿದ ಆ ಕನ್ನಡಿ ಒಂದೂವರೆ ಇಂಚಿಗಿಂತಲೂ ಚಿಕ್ಕದು. ಇಡೀ ಉಪಕರಣ ಮೇಜಿನ ಮೇಲೆ ಕೂರುವಷ್ಟಿತ್ತು. ಆದ್ದರಿಂದ ಒಂದು ಮರದ ಗುಂಡೇ ಅದಕ್ಕೆ ಪೀಠವಾಗಿ ಸಾಕಾಯಿತು.

ಕನ್ನಡಿ ದೊಡ್ಡದಾದಂತೆ ಪೀಠದ ತೊಂದರೆ ಶುರುವಾಯಿತು. ಇಂಗ್ಲೆಂಡಿನ ಸಂಗೀತಗಾರ ವಿಲಿಯಂ ಹರ್ಷೆಲ್ ತಾವೇ ಮಾಡಿದ 7 ಅಡಿ ಉದ್ದದ ದೂರದರ್ಶಕದಿಂದ 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡುಹಿಡಿದರು. ಅದರ ಕನ್ನಡಿ ಸುಮಾರು 6 ಇಂಚಿನದು, ಅಂದರೆ ಈಗ ನಮ್ಮ ಶಾಲೆಯಲ್ಲಿರುವಷ್ಟೇ. 1789ರಲ್ಲಿ ಅವರು 48 ಇಂಚು ಕನ್ನಡಿಯ 40 ಅಡಿ ದೂರದರ್ಶಕವನ್ನು ಮುಗಿಸಿದರು. ಅದನ್ನು ಎತ್ತಿ ನಿಲ್ಲಿಸಲು ಮನೆಗಿಂತ ಎತ್ತರದ ಮರದ ಅಟ್ಟಣಿಗೆ, ಹಗ್ಗ, ರಾಟೆ, ಆಳುಗಳು ಬೇಕಾದವು. ತಿರುಗಿಸುವುದೇ ದೊಡ್ಡ ಕೆಲಸವಾದ್ದರಿಂದ ಹರ್ಷೆಲ್ ಹೆಚ್ಚಾಗಿ ತಮ್ಮ ಚಿಕ್ಕ ದೂರದರ್ಶಕವನ್ನೇ ಬಳಸುತ್ತಿದ್ದರು.

ಮುಂದೆ ಭೂಮಿಯ ತಿರುಗುವಿಕೆಗೆ ಹೊಂದುವಂತೆ, ಒಂದು ಅಕ್ಷವನ್ನು ಧ್ರುವದ ಕಡೆಗೆ ಓರೆಯಾಗಿಸಿದ ಕಬ್ಬಿಣದ ಪೀಠಗಳು ಬಂದವು. ಅವು ಒಳ್ಳೆಯವೇ, ಆದರೆ ಭಾರ ಮತ್ತು ದುಬಾರಿ. ಮೇಲಾಗಿ, ಕರ್ನಾಟಕದಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಸುಮಾರು 12ರಿಂದ 18 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಎದುರಿಗೆ ತೆಂಗಿನ ಮರವೋ ಮನೆಯ ಮಾಳಿಗೆಯೋ ಇದ್ದರೆ ಮುಗಿಯಿತು.

ಈ ಗಂಟನ್ನು ಬಿಡಿಸಿದವರು ಜಾನ್ ಡಾಬ್ಸನ್. 1915ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿದ ಇವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠವನ್ನು ಸೇರಿದರು. 1900ರಲ್ಲಿ ಸ್ವಾಮಿ ವಿವೇಕಾನಂದರು ಸ್ಥಾಪಿಸಿದ ಸಂಸ್ಥೆಯದು. ಕುವೆಂಪು ಅವರ ಮೂಲಕ ರಾಮಕೃಷ್ಣ ಆಶ್ರಮದ ಪರಿಚಯವಿರುವ ನಮಗೆ ಈ ನಂಟು ಹೊಸದೇನಲ್ಲ.

ಮಠದ ಸನ್ಯಾಸಿಯ ಬಳಿ ಹಣವೆಲ್ಲಿಂದ ಬರಬೇಕು? ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಬಿಸಾಡಿದ ಹಲಗೆ ಬಳಸಿದರು. ಮೊದಲ ಬಾರಿಗೆ ಚಂದ್ರನನ್ನು ನೋಡಿದಾಗ, ಇದನ್ನು ಎಲ್ಲರೂ ನೋಡಬೇಕು ಎಂಬ ಆಸೆ ಹುಟ್ಟಿತು. ಗಾಲಿಯ ಮೇಲೆ ದೂರದರ್ಶಕವನ್ನಿಟ್ಟು ಬೀದಿಗೆ ಒಯ್ದು ನೆರೆಹೊರೆಯ ಮಕ್ಕಳಿಗೆ ತೋರಿಸತೊಡಗಿದರು. 1967ರಲ್ಲಿ ಅವರು ಮಠದಿಂದ ಹೊರಬರಬೇಕಾಯಿತು. ಮರುವರ್ಷವೇ ಗೆಳೆಯರೊಂದಿಗೆ ‘ಸ್ಯಾನ್ ಫ್ರಾನ್ಸಿಸ್ಕೊ ಸೈಡ್‌ವಾಕ್ ಅಸ್ಟ್ರಾನಮರ್ಸ್’ ಎಂಬ ಬಳಗ ಕಟ್ಟಿ, ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಆಕಾಶ ತೋರಿಸಿದರು. ತಮ್ಮ ಪೀಠಕ್ಕೆ ಪೇಟೆಂಟ್ ಪಡೆಯಲಿಲ್ಲ. ಜಗತ್ತು ಮಾತ್ರ ಅದನ್ನು ‘ಡಾಬ್ಸೋನಿಯನ್’ ಎಂದೇ ಕರೆಯಿತು. 2014ರ ಜನವರಿಯಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ಪೀಠದಲ್ಲಿ ಹೆಚ್ಚೇನೂ ಇಲ್ಲ. ಕೆಳಗೆ ಮೂರು ಕಾಲಿನ ಹಲಗೆ. ನೆಲ ಸಮವಿರದಿದ್ದರೂ ಮೂರು ಕಾಲು ಅಲುಗುವುದಿಲ್ಲ. ಅದರ ಮೇಲೆ ಕೂರುವ ಪೆಟ್ಟಿಗೆ, ಬೀಸುವ ಕಲ್ಲು ಗೂಟದ ಸುತ್ತ ತಿರುಗುವಂತೆ, ನಡುವಿನ ಬೋಲ್ಟಿನ ಸುತ್ತ ತಿರುಗುತ್ತದೆ. ಪೆಟ್ಟಿಗೆಯ ಎರಡು ಪಕ್ಕಗಳ ಮೇಲೆ ಕೊಳವೆ, ಕೋಟೆಯ ಫಿರಂಗಿಯಂತೆ, ಮೇಲೆ ಕೆಳಗೆ ಆಡುತ್ತದೆ. ಉಜ್ಜುವ ಜಾಗದಲ್ಲಿ ಟೆಫ್ಲಾನ್ ತುಂಡುಗಳು, ಅವುಗಳೆದುರು ಸನ್‌ಮೈಕಾದಂಥ ನುಣುಪಾದ ಹಾಳೆ. ನಿಂತದ್ದನ್ನು ಹೊರಡಿಸಲು ಬೇಕಾದ ಬಲಕ್ಕೂ ಹೊರಟದ್ದನ್ನು ನಡೆಸಲು ಬೇಕಾದ ಬಲಕ್ಕೂ ಇಲ್ಲಿ ಹೆಚ್ಚು ಅಂತರವಿಲ್ಲ. ಹಾಗಾಗಿ ಬೆರಳಿನಿಂದ ನೂಕಿದರೆ ಜಗ್ಗದೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಶಾಲೆಯ ಜಗುಲಿಯಲ್ಲಿ ಮಕ್ಕಳೊಂದಿಗೆ ಅದನ್ನು ಜೋಡಿಸಿದೆ. ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲೇ ಸಡಿಲವಾಗಿ ಹಾಕಿ, ಹಲಗೆಗಳು ನೇರ ಕೂತವೆಂದು ನೋಡಿ, ಆಮೇಲೆ ಒಂದೊಂದಾಗಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಮಿಕ್ಕ ರಂಧ್ರಗಳು ಹೊಂದುವುದಿಲ್ಲ. ತೀರ ಬಿಗಿದರೆ ಮರದ ಪುಡಿಯಿಂದ ಒತ್ತಿ ಮಾಡಿದ ಹಲಗೆ ಒಡೆಯುತ್ತದೆ. ಇಷ್ಟೆಲ್ಲ ಹೇಳಿಕೊಟ್ಟ ನಾನೇ ನಡುವಿನ ನಟ್ಟನ್ನು ಬಲವಾಗಿ ಬಿಗಿದಿದ್ದೆ. ಸಂಜೆ ಚಂದ್ರನ ಕಡೆ ತಿರುಗಿಸಿದರೆ ಕೊಳವೆ ಹಾರಿ ಹಾರಿ ಹೋಯಿತು. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುವುದರಿಂದ ಚಂದ್ರನೂ ಸರಿದು ಮಾಯವಾಗುತ್ತಿದ್ದ. “ಸಾರ್, ಸ್ವಲ್ಪ ಸಡಿಲ ಮಾಡಿ” ಎಂದಳು ಒಬ್ಬ ಹುಡುಗಿ. ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟೆ. ಕಾಲು ಸುತ್ತು ಸಡಿಲಿಸಿದಳು, ಸರಿಹೋಯಿತು. ಬಿಸಿಯೂಟದ ಅಡುಗೆಯ ಅಮ್ಮನವರೂ ಬಂದು ಚಂದ್ರನ ಕುಳಿಗಳನ್ನು ನೋಡಿದರು.

ನಮ್ಮ ಕಾಲದಲ್ಲಿ ಪ್ರಯೋಗಾಲಯದ ಬೀರುವಿನಲ್ಲಿದ್ದ ಸೂಕ್ಷ್ಮದರ್ಶಕವನ್ನು ನಾವು ಗಾಜಿನಾಚೆಯಿಂದ ಮಾತ್ರ ನೋಡಿದ್ದೆವು. ಹಾಳಾದೀತೆಂಬ ಭಯ, ಅದು ತಪ್ಪಲ್ಲ. ಆದರೆ ನಾನು ದೂರದರ್ಶಕದಲ್ಲಿ ಮೊದಲು ಕಣ್ಣಿಟ್ಟದ್ದು ಬಿ.ಇ. ಮುಗಿಸಿದ ಮೇಲೆ.

ಗುರುಗಳಲ್ಲಿ, ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಇದನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಹಲಗೆ ನೀರು ಕುಡಿದರೆ ಉಬ್ಬುತ್ತದೆ, ಮಳೆ ತಾಗದಿರಲಿ. ಇವೆರಡನ್ನು ಬಿಟ್ಟರೆ ಭಯ ಬೇಡ. ಬೋಲ್ಟು ಸಡಿಲವಾದರೆ ಮಕ್ಕಳೇ ಬಿಗಿಯುತ್ತಾರೆ, ಅವರಿಗೆ ಈಗ ಗೊತ್ತಿದೆ. ಬೀರುವಿನ ಬೀಗದ ಕೈ ಅವರಿಗೂ ಸಿಗಲಿ.