ದಶಾಜ್ಞೆಗಳ ಶಿಲಾಸ್ಮಾರಕಗಳು (ಅಮೆರಿಕ)

ಬೈಬಲ್ಲಿನ ದಶಾಜ್ಞೆಗಳನ್ನು ಕೆತ್ತಿ ನ್ಯಾಯಾಲಯ, ಶಾಸನಸಭೆಗಳಂಥ ಸರ್ಕಾರಿ ಜಾಗಗಳಲ್ಲಿ ನಿಲ್ಲಿಸಿರುವ ಕಲ್ಲುಗಳು. ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿ ಸ್ಥಾಪಿಸಕೂಡದೆನ್ನುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ (1791) ಹೆಸರಿನಲ್ಲಿ ಇವುಗಳ ಮೇಲೆ ಮತ್ತೆ ಮತ್ತೆ ದಾವೆಗಳು ಬಿದ್ದಿವೆ.

ಹೆಚ್ಚು ಸದ್ದು ಮಾಡಿದ್ದು ಅಲಬಾಮಾದ ಪ್ರಕರಣ. 2001ರ ಜುಲೈ 31ರ ರಾತ್ರಿ ರಾಜ್ಯದ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್, ಮಾಂಟ್‌ಗೊಮರಿಯ ನ್ಯಾಯಾಂಗ ಭವನದ ಮೊಗಸಾಲೆಯಲ್ಲಿ ಸುಮಾರು 2,400 ಕಿಲೋ ತೂಕದ ಗ್ರಾನೈಟ್ ಸ್ಮಾರಕವನ್ನು ಇರಿಸಿದರು. ಸಹ ನ್ಯಾಯಮೂರ್ತಿಗಳಿಗೂ ಇದರ ಸುಳಿವಿರಲಿಲ್ಲ. ಕಲ್ಲಿನ ನೆತ್ತಿಯ ಮೇಲೆ, ತೆರೆದಿಟ್ಟ ಪುಸ್ತಕದಂತೆ ಎರಡು ಇಳಿಜಾರು ಫಲಕಗಳು. ಮುಖ್ಯ ಬಾಗಿಲಿನಿಂದ ಒಳಬಂದವರ ಕಣ್ಣಿಗೆ ಅದು ಬೀಳಲೇಬೇಕು. ನ್ಯಾಯ ಕೇಳಿ ಬಂದ ಅನ್ಯಧರ್ಮೀಯರಿಗೆ ಅದು ಬರಿಯ ಅಲಂಕಾರವಾಗಿ ಕಾಣುವುದು ಸಾಧ್ಯವಿರಲಿಲ್ಲ. ತೆಗೆಯಿರಿ ಎಂದು ಫೆಡರಲ್ ನ್ಯಾಯಾಲಯ ಹೇಳಿದರೂ ಮೂರ್ ಜಗ್ಗಲಿಲ್ಲ. 2003ರ ಆಗಸ್ಟ್ 27ರಂದು ಕಲ್ಲನ್ನು ಸಾರ್ವಜನಿಕರ ಕಣ್ಣಿನಿಂದ ಸರಿಸಲಾಯಿತು. ನವೆಂಬರ್‌ನಲ್ಲಿ ಮೂರ್ ಪದವಿಯನ್ನೇ ಕಳೆದುಕೊಂಡರು. 2012ರ ಚುನಾವಣೆಯಲ್ಲಿ ಮತದಾರರು ಅವರನ್ನು ಅದೇ ಪೀಠಕ್ಕೆ ಮರಳಿ ಕಳಿಸಿದರು.

2005ರ ಜೂನ್ 27ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ದಿಕ್ಕಿನ ತೀರ್ಪು ನೀಡಿತು. ಟೆಕ್ಸಾಸ್ ಶಾಸನಭವನದ ಆವರಣದಲ್ಲಿ 1961ರಿಂದ ಇದ್ದ ಕಲ್ಲು ಉಳಿಯಿತು. ಕೆಂಟಕಿಯ ಕೋರ್ಟು ಕಟ್ಟಡಗಳಲ್ಲಿ ಹೊಸದಾಗಿ ತೂಗುಹಾಕಿದ್ದ ದಶಾಜ್ಞೆಗಳ ಚೌಕಟ್ಟುಗಳು ಸಂವಿಧಾನಬಾಹಿರವೆನಿಸಿದವು. ಎರಡರಲ್ಲೂ ಬಹುಮತ 5–4. ಎರಡೂ ಕಡೆ ಗೆದ್ದ ಬಣದಲ್ಲಿದ್ದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಬ್ಬರೇ. ದಶಕಗಳ ಕಾಲ ತಕರಾರಿಲ್ಲದೆ ನಿಂತ ಕಲ್ಲನ್ನು ಕೀಳಿಸಿದರೆ ಧರ್ಮದ ಹೆಸರಿನ ಒಡಕು ಹೆಚ್ಚೀತೆಂಬುದು ಅವರ ವಾದ. ವಿವೇಕದ ಮಾತೇ ಹೌದು, ಆದರೆ ಕೆಳ ನ್ಯಾಯಾಲಯಗಳಿಗೆ ಇದರಿಂದ ಖಚಿತ ಅಳತೆಗೋಲು ದೊರೆಯಲಿಲ್ಲ.

ಹಳೆಯ ಧಾರ್ಮಿಕ ಸ್ಮಾರಕಗಳ ಬಗೆಗಿನ ಇದೇ ಧೋರಣೆಯಲ್ಲಿ, 2019ರಲ್ಲಿ ಮೇರಿಲ್ಯಾಂಡಿನ ಬ್ಲೇಡನ್ಸ್‌ಬರ್ಗ್‌ನಲ್ಲಿರುವ, ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿನ 40 ಅಡಿ ಎತ್ತರದ ಶಿಲುಬೆಯನ್ನೂ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಉಳಿಸಿತು.