ಬಡತನ ಅಳೆಯುವ ಕೊಳಗ

ದಾದಾಭಾಯಿ ನವರೋಜಿ ಭಾರತದ ಬಡತನವನ್ನು ಲೆಕ್ಕ ಹಾಕಲು ಕೂತಾಗ ತೆರೆದು ನೋಡಿದ್ದು ಜೈಲುಗಳ ಖರ್ಚಿನ ಪುಸ್ತಕ. ಕೈದಿಯ ಊಟ-ಬಟ್ಟೆಗೆ ಸರ್ಕಾರ ಹಾಕುವಷ್ಟಾದರೂ ಹೊರಗೆ ದುಡಿಯುವ ರೈತನಿಗೆ ದಕ್ಕುತ್ತದೆಯೇ ಎಂಬುದು ಅವರ ಪ್ರಶ್ನೆ. 1867-68ರ ಬೆಲೆಯಲ್ಲಿ ಒಬ್ಬ ಮನುಷ್ಯ ಜೀವ ಹಿಡಿದುಕೊಳ್ಳಲು ವರ್ಷಕ್ಕೆ 16ರಿಂದ 35 ರೂಪಾಯಿ ಬೇಕೆಂದು ಅವರು ಅಂದಾಜು ಮಾಡಿದರು. ತಲಾ ಆದಾಯವೋ, ಅವರದೇ ಲೆಕ್ಕದಲ್ಲಿ, 20 ರೂಪಾಯಿ. ಬಡತನಕ್ಕೊಂದು ಗೆರೆ ಎಳೆಯುವ ಕಸುಬು ಹೀಗೆ, ಆಳುವವರನ್ನು ಕಟಕಟೆಗೆ ನಿಲ್ಲಿಸುವ ಉದ್ದೇಶದಿಂದಲೇ ನಮ್ಮಲ್ಲಿ ಶುರುವಾಯಿತು. ಆಮೇಲೆ ಆ ಗೆರೆ ಆಳುವವರ ಕೈಗೇ ಹೋಯಿತು.

ಜಗತ್ತಿಗೆಲ್ಲ ಒಂದೇ ಗೆರೆ ಬಂದದ್ದು 1990ರಲ್ಲಿ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಮತ್ತು ಸಂಗಡಿಗರು ಹಲವು ದೇಶಗಳ ಬಡತನ ರೇಖೆಗಳನ್ನು ಒಟ್ಟಿಗಿಟ್ಟು ನೋಡಿದರು. ತೀರಾ ಬಡ ದೇಶಗಳ ರೇಖೆಗಳು ದಿನಕ್ಕೆ ಒಂದು ಡಾಲರಿನ ಆಸುಪಾಸಿನಲ್ಲೇ ಇದ್ದವು. ‘ದಿನಕ್ಕೊಂದು ಡಾಲರ್’ ಎಂಬ ಮಾತು ಅಲ್ಲಿಂದ ಹೊರಟು ಭಾಷಣಕಾರರ ಬಾಯಿಪಾಠವಾಯಿತು. ಇದು ವಿನಿಮಯ ದರದ ಡಾಲರ್ ಅಲ್ಲ, ಕೊಳ್ಳುವ ಶಕ್ತಿಗೆ ಹೊಂದಿಸಿದ ಡಾಲರ್ ಎಂಬುದನ್ನು ಮಾತ್ರ ಹೆಚ್ಚಿನವರು ಮರೆತರು.

ಇನ್ನು ಗುರಿಗಳ ಕಥೆ. 1996ರಲ್ಲಿ ರೋಮ್‌ನಲ್ಲಿ ನಡೆದ ಆಹಾರ ಶೃಂಗಸಭೆಯಲ್ಲಿ ದೇಶಗಳು ಕೊಟ್ಟ ಮಾತು ಸರಳವಾಗಿತ್ತು: 2015ರೊಳಗೆ ಹಸಿದವರ ಸಂಖ್ಯೆಯನ್ನು ಅರ್ಧಕ್ಕಿಳಿಸುತ್ತೇವೆ. 2000ದ ಸೆಪ್ಟೆಂಬರಿನಲ್ಲಿ 189 ದೇಶಗಳು ಸಹಸ್ರಮಾನದ ಘೋಷಣೆಗೆ ಒಪ್ಪಿದವು, ಅದರಿಂದ ಎಂಟು ಗುರಿಗಳು ಹುಟ್ಟಿದವು. ಅಷ್ಟರಲ್ಲಿ ‘ಸಂಖ್ಯೆ’ ಹೋಗಿ ‘ಶೇಕಡಾ ಪ್ರಮಾಣ’ ಬಂದಿತ್ತು. ಎಣಿಕೆಯ ಆರಂಭವೂ 1990ಕ್ಕೆ ಸರಿಯಿತು. ಜನಸಂಖ್ಯೆ ಬೆಳೆಯುತ್ತಿರುವಾಗ ಪ್ರಮಾಣವನ್ನು ಇಳಿಸುವುದು ಸಂಖ್ಯೆಯನ್ನು ಇಳಿಸುವುದಕ್ಕಿಂತ ಸಲೀಸು. ತತ್ತ್ವಜ್ಞಾನಿ ಥಾಮಸ್ ಪೋಗೆ ಈ ಕೈಚಳಕವನ್ನು ಎತ್ತಿ ತೋರಿಸಿದರು. ಕೊಳಗ ಅದೇ, ಆದರೆ ತಳಕ್ಕೊಂದು ಮಣೆ ಹಾಕಿದ ಹಾಗೆ.

1990ರಿಂದ ಎಣಿಸಿದ್ದರ ಲಾಭ ದೊಡ್ಡದು, ಏಕೆಂದರೆ ಚೀನಾದಲ್ಲಿ ತೊಂಬತ್ತರ ದಶಕದಲ್ಲಾದ ಬಡತನದ ಇಳಿಕೆಯೂ ಲೆಕ್ಕಕ್ಕೆ ಬಂತು. ಆ ಇಳಿಕೆಯ ಬೇರು ಇರುವುದು ವಿಶ್ವಸಂಸ್ಥೆಯ ಸಭಾಂಗಣದಲ್ಲಲ್ಲ, ಅನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಯಲ್ಲಿ. 1978ರ ಚಳಿಗಾಲದಲ್ಲಿ ಅಲ್ಲಿನ 18 ರೈತರು ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವ ಗುಟ್ಟಿನ ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಮುಂದೆ ಸರ್ಕಾರವೇ ಆ ದಾರಿ ಹಿಡಿಯಿತು. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಬಡತನವನ್ನು ಅರ್ಧಕ್ಕಿಳಿಸುವ ಸಹಸ್ರಮಾನದ ಗುರಿ ಐದು ವರ್ಷ ಮೊದಲೇ, 2010ಕ್ಕೆ ಈಡೇರಿತೆಂದು ಜಗತ್ತು ಬೆನ್ನು ತಟ್ಟಿಕೊಂಡಿತಲ್ಲ, ಆ ತಟ್ಟುವಿಕೆಯಲ್ಲಿ ಶಿಯಾವ್‌ಗಾಂಗಿನ ಪಾಲು ದೊಡ್ಡದು.

ಹಾಗೆಂದು ಗುರಿಗಳಿಂದ ಏನೂ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳು 1990ರಲ್ಲಿ ವರ್ಷಕ್ಕೆ 1.2 ಕೋಟಿಗೂ ಹೆಚ್ಚು. 2015ಕ್ಕೆ ಅದು 60 ಲಕ್ಷದ ಆಸುಪಾಸಿಗೆ ಇಳಿಯಿತು. ಲಸಿಕೆ, ಸೊಳ್ಳೆಪರದೆ, ಏಡ್ಸ್ ಔಷಧಗಳಿಗೆ ಹಣ ಹರಿದುಬಂದದ್ದರಲ್ಲಿ ಗುರಿಗಳ ಒತ್ತಾಯವೂ ಇತ್ತು. ಔಷಧವನ್ನು ಹಡಗಿನಲ್ಲಿ ಕಳಿಸಬಹುದು. ಕೆಲಸ, ಕೂಲಿ, ಮಾರುಕಟ್ಟೆಗಳನ್ನು ಹಾಗೆ ಕಳಿಸಲು ಬರುವುದಿಲ್ಲ. ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ 1990ರಿಂದ 2015ರ ನಡುವೆ ಕಡುಬಡವರ ಪ್ರಮಾಣ ಇಳಿಯಿತು, ಸಂಖ್ಯೆ ಮಾತ್ರ ಸುಮಾರು 28 ಕೋಟಿಯಿಂದ 41 ಕೋಟಿಗೆ ಏರಿತು. ರೋಮ್‌ನ ಮಾತು ಯಾಕೆ ಬದಲಾಯಿತೆಂದು ಈಗ ತಿಳಿಯುತ್ತದೆ.

2015ರ ಸೆಪ್ಟೆಂಬರಿನಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳು ಬಂದವು. ಎಂಟು ಹೋಗಿ 17 ಗುರಿಗಳು, 169 ಉಪಗುರಿಗಳು. ಮೊದಲನೆಯದು, 2030ರೊಳಗೆ ಕಡುಬಡತನವನ್ನು ಎಲ್ಲೆಡೆ ಇಲ್ಲವಾಗಿಸುವುದು. ಅರ್ಧ ದಾರಿಗೂ ಬರುವ ಮೊದಲೇ ಕೋವಿಡ್ ಅಪ್ಪಳಿಸಿತು. 2020ರ ಒಂದೇ ವರ್ಷದಲ್ಲಿ ಸುಮಾರು 7 ಕೋಟಿ ಜನ ಮತ್ತೆ ಗೆರೆಯ ಕೆಳಕ್ಕೆ ಜಾರಿದರು.

ಗೆರೆಯೂ ಒಂದೆಡೆ ನಿಲ್ಲಲಿಲ್ಲ. 1.25 ಡಾಲರ್, 1.90, 2.15 ಆಗಿ, 2025ರ ಜೂನ್‌ನಲ್ಲಿ 3 ಡಾಲರ್ ಆಯಿತು. ಯಾರ ಮನೆಯ ಒಲೆಯಲ್ಲೂ ಏನೂ ಬದಲಾಗದೆ, 2022ರ ಕಡುಬಡವರ ಸಂಖ್ಯೆ 71 ಕೋಟಿಯಿಂದ 84 ಕೋಟಿಯ ಹತ್ತಿರಕ್ಕೆ ಜಿಗಿಯಿತು. ಇನ್ನೂ ಹೆಚ್ಚಾಗಬೇಕಿತ್ತು, ತಡೆದದ್ದು ಭಾರತದ ಹೊಸ ಅಂಕಿಅಂಶ. ಇಲ್ಲಿ ಮನೆಖರ್ಚಿನ ಸಮೀಕ್ಷೆ ಕೇಳುವ ರೀತಿಯೇ ಬದಲಾಗಿದ್ದರಿಂದ ಖರ್ಚು ಹೆಚ್ಚು ದಾಖಲಾಯಿತು. ಹೊಸ ಗೆರೆಯ ಪ್ರಕಾರ ಭಾರತದ ಕಡುಬಡತನ 2011-12ರ ಶೇ. 27.1ರಿಂದ 2022-23ಕ್ಕೆ ಶೇ. 5.3. ಇಳಿದಿರುವುದು ನಿಜ, ಎಷ್ಟು ಎಂಬುದರಲ್ಲೇ ಜಗಳ. ದಿನಕ್ಕೆ ನಗರದಲ್ಲಿ 32, ಹಳ್ಳಿಯಲ್ಲಿ 26 ರೂಪಾಯಿ ಸಾಕೆಂದು 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿ ನಗೆಪಾಟಲಿಗೀಡಾದದ್ದು ನೆನಪಿರಬಹುದು. ನಮ್ಮ ಕರ್ನಾಟಕದಲ್ಲೇ ನೋಡಿ: ನೀತಿ ಆಯೋಗದ ಬಹುಆಯಾಮದ ಲೆಕ್ಕದಲ್ಲಿ 2019-21ರಲ್ಲಿ ಬಡವರು ಶೇ. 7.58, ಬಿಪಿಎಲ್ ಕಾರ್ಡ್ ಇರುವುದೋ ಬಹುಪಾಲು ಮನೆಗಳಲ್ಲಿ. ಎರಡು ಕೊಳಗ, ಎರಡು ಊರು.

ಈಗ ದುಡ್ಡಿನ ಮಾತು. ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ. 0.7ನ್ನು ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ ಹೇಳಿದ್ದು 1970ರಲ್ಲಿ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಲಕ್ಸೆಂಬರ್ಗಿನಂಥ ಬೆರಳೆಣಿಕೆಯವರು ಮಾತು ಉಳಿಸಿಕೊಂಡರು. ಬ್ರಿಟನ್ ಕಾನೂನನ್ನೇ ಮಾಡಿತು, ಆಮೇಲೆ 0.5ಕ್ಕೆ ಇಳಿಸಿತು, 2027ಕ್ಕೆ 0.3 ಎಂದಿದೆ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಇತ್ತ ಸಾಲದ ಬಡ್ಡಿ ಬೆಳೆಯುತ್ತಿದೆ: 2020ರಲ್ಲಿ ಜಾಂಬಿಯಾ, 2022ರಲ್ಲಿ ಘಾನಾ ಕಂತು ಕಟ್ಟಲಾಗದೆ ಕೈಚೆಲ್ಲಿದವು.

ಉಳಿದ ಕಡುಬಡವರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲಿದ್ದಾರೆ. ಅವರಲ್ಲೂ ಬಹಳ ಮಂದಿ ಯುದ್ಧ ನಡೆಯುವ, ಸರ್ಕಾರ ಇದ್ದೂ ಇಲ್ಲದಂತಿರುವ ಕಡೆಗಳಲ್ಲಿ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಅಂಥದ್ದು. 2025ರ ಜನವರಿಯಲ್ಲಿ ಅದರ ಪೂರ್ವದ ಗೋಮಾ ನಗರ ಎಂ23 ಬಂಡುಕೋರರ ವಶವಾಯಿತು, ಲಕ್ಷಾಂತರ ಜನ ಗಂಟುಮೂಟೆ ಕಟ್ಟಿದರು. ಅವರಲ್ಲಿ ಎಷ್ಟು ಜನ 3 ಡಾಲರಿನ ಗೆರೆಯ ಕೆಳಗಿದ್ದಾರೆಂದು ಹೇಳುವ ಪ್ರತಿ ಅಂಕಿಯೂ ಅಂದಾಜೇ. ಆ ದೇಶದಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ.